ಕಾದ ಚಪ್ಪಡಿಯ ಮೇಲೆ ಕೂತವಳು

ನಮ್ಮ ಮಾವ ಬೀರಯ್ಯ ಮೂರು ವರ್ಷ ನನ್ನ ಜೊತೆ ಒಂದೇ ಒಂದು ಮಾತಾಡಿರಲಿಲ್ಲ. ಜಗಳ ಗಿಗಳ ಏನಿಲ್ಲ. ನಮ್ಮ ಉಯ್ಯಂಬಳ್ಳಿ ಕಡೆ ಹಳೇ ಕಾಲದ ಗಂಡಸರು ಸೊಸೆಯ ಹೆಸರು ಹಿಡಿದು ಕರೆಯುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ಅದೊಂದು ಮರ್ಯಾದೆ. ಹಾಗಂತ ಒಂದೇ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಬದುಕೋಕಾಗುತ್ತಾ? ಅದಕ್ಕೆ ಮಾವ ನಡುಮನೆಯ ಕಂಬದ ಜೊತೆ ಮಾತಾಡುತ್ತಿದ್ದರು.

“ಒಸಿ ಮಜ್ಜಿಗೆ ಇದ್ದಿದ್ರೆ ಚೆನ್ನಾಗಿತ್ತು,” ಅಂತ ಕಂಬಕ್ಕೆ ಹೇಳೋರು. ನಾನು ಮಜ್ಜಿಗೆ ತಂದು ಕಂಬದ ಬುಡದಲ್ಲಿಟ್ಟು ಒಳಗೆ ಹೋಗುತ್ತಿದ್ದೆ. “ಮಳೆ ಬರೋ ಹಂಗೈತೆ, ಸೌದೆ ನೆನೀತದೆ,” ಅನ್ನೋರು. ನಾನು ಸೌದೆ ಒಳಗೆ ಹಾಕುತ್ತಿದ್ದೆ. ನನ್ನ ಗಂಡ ಮುತ್ತುರಾಜು ನಗೋನು: “ನಮ್ಮನೇಲಿ ಎಲ್ರಿಗಿಂತ ಹೆಚ್ಚು ವಿಷ್ಯ ಗೊತ್ತಿರೋದು ಆ ಕಂಬಕ್ಕೇ ಕಣೇ ಕುಸುಮ.”

ನನಗೆ ಏಳು ತಿಂಗಳು ತುಂಬಿದಾಗ ಸೊಂಟನೋವು ಶುರುವಾಯಿತು. ಮೊದಲು ಸೊಂಟ, ಆಮೇಲೆ ಅಲ್ಲಿಂದ ಎಡಗಾಲಿನ ಉದ್ದಕ್ಕೂ ಮೆಣಸಿನಪುಡಿ ಎರಚಿದ ಹಾಗೆ. ಹತ್ತು ದಿನ ಹಲ್ಲು ಕಚ್ಚಿಕೊಂಡಿದ್ದು ಕೊನೆಗೆ ಅತ್ತೆ ಹತ್ತಿರ ಹೇಳಿದೆ.

“ಬಸುರಿ ಅಂದ್ಮೇಲೆ ಸೊಂಟ ನೋಯ್ದೆ ಮೂಗು ನೋಯ್ತದಾ?” ಅಂದರು ಅತ್ತೆ ಮುನಿತಾಯಮ್ಮ. “ನಾನು ಐದು ಹೆತ್ತಿವ್ನಿ ಕಣಮ್ಮಿ. ನಿನ್ ಗಂಡ ಹೊಟ್ಟೇಲಿದ್ದಾಗ ಗೋಡೆ ಹಿಡ್ಕಂಡೇ ನಡೀತಿದ್ದೆ.” ಬೈದರೂ ಬಿಸಿ ಹರಳೆಣ್ಣೆ ಹಚ್ಚಿ ನೀವಿದರು. ಅವರ ಕೈ ಬಲು ಮೆತ್ತಗೆ.

ಒಂದು ದಿನ ಬೆಳಿಗ್ಗೆ ಎದ್ದರೆ ಸೊಂಟನೋವು ಅರ್ಧಕ್ಕರ್ಧ ಇಳಿದಿತ್ತು! ಎರಡೂ ಕಾಲು ಜೋಮು ಹಿಡಿದಂಗಿತ್ತು, ಅಷ್ಟೇ. ಎಣ್ಣೆ ಕೆಲಸ ಮಾಡ್ತು ಅಂತ ಅತ್ತೆ ಬೀಗಿದರು, ನಾನೂ ಬೀಗಿದೆ. ಮುತ್ತುರಾಜು ನಿಶ್ಚಿಂತೆಯಿಂದ ಬಿಡದಿಯ ಕಾರ್ಖಾನೆಗೆ ಮೊದಲನೇ ಶಿಫ್ಟಿಗೆ ಹೋದ.

ಅವತ್ತು ಮಧ್ಯಾಹ್ನ ಕುರಿ ವ್ಯಾಪಾರದ ಆಫ್ತಾಬಣ್ಣ ಕನಕಪುರದಿಂದ ಟೆಂಪೊ ತಂದಿದ್ದರು. ಮಾವ, ಅವರು ಸೇರಿ ಟಗರು ಹತ್ತಿಸುತ್ತಿದ್ದರು. ನಾನು ಸೊಪ್ಪು ಸೋಸೋಕೆ ಅಂತ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಕೂತೆ. ಹೊಂಗೆಮರದ ನೆರಳು ಅದರ ಮೇಲೆ ಆಗಷ್ಟೇ ಬಂದಿತ್ತು. ನಮ್ಮ ನಾಯಿ ಕರಿಯ ನನ್ನ ಪಕ್ಕ ಮಲಗೋಕೆ ಬಂದು, ಹೊಟ್ಟೆ ಊರಿದ್ದೇ ತಡ, ಕುಂಯ್ ಅಂತ ಎಗರಿ ಓಡಿತು.

ನಾನು ಕೂತೇ ಇದ್ದೆ. ಸೊಪ್ಪು ಸೋಸುತ್ತಲೇ ಇದ್ದೆ.

ಮಾವ ಟಗರಿನ ಕೊಂಬು ಬಿಟ್ಟು ನನ್ನ ಕಡೆಗೆ ಬಂದರು. ನಾನು ಸೆರಗು ಎಳೆದುಕೊಂಡು ಏಳೋಕೆ ಹೋದರೆ ಕಾಲು ಸರಿಯಾಗಿ ಬರಲಿಲ್ಲ. ಮಾವ ಚಪ್ಪಡಿಯ ಮೇಲೆ ಅಂಗೈ ಇಟ್ಟರು, ತಟ್ಟನೆ ಹಿಂದಕ್ಕೆ ತೆಗೆದರು. ಹೆಂಚಿನಂತೆ ಕಾದಿತ್ತಂತೆ. ಆಮೇಲೆ ನನ್ನ ಕಾಲು ನೋಡಿದರು. ಎಡಗಾಲಿನ ಚಪ್ಪಲಿ ಇರಲಿಲ್ಲ. ಅದು ದೂರದಲ್ಲಿ ನಲ್ಲಿ ಹತ್ತಿರ ಬಿದ್ದಿತ್ತು. ಯಾವಾಗ ಕಳಚಿತೋ ನನಗೆ ಗೊತ್ತೇ ಆಗಿರಲಿಲ್ಲ.

ಮಾವ ಸುತ್ತ ನೋಡಿದರು. ಅಂಗಳದಲ್ಲಿ ಕಂಬ ಎಲ್ಲಿಂದ ಬರಬೇಕು? ಹೊಂಗೆಮರದ ಕಡೆ ತಿರುಗಿ, “ಬೆಳಿಗ್ಗೆಯಿಂದ...” ಅಂದರು. ಗಂಟಲು ಸರಿ ಮಾಡಿಕೊಂಡು ಮತ್ತೆ, “ಬೆಳಿಗ್ಗೆಯಿಂದ...” ಅಂದರು. ಆಮೇಲೆ ಮರವನ್ನು ಬಿಟ್ಟು ನೇರ ನನ್ನ ಮುಖ ನೋಡಿದರು.

“ಕುಸುಮಾ, ಬೆಳಿಗ್ಗೆಯಿಂದ ಉಚ್ಚೆ ಹೊಯ್ದ್ಯೇನವ್ವಾ?”

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಯಿಂದ ಸೌಟು ಬಿತ್ತು. “ಅಯ್ಯೋ ನಿನ್ ಬಾಯಿಗೆ ಮಣ್ಣಾಕ! ಮಾವ ಆದೋನು ಸೊಸೆ ಹತ್ರ ಕೇಳೋ ಮಾತಾ ಇದು? ಅದೂ ಆಫ್ತಾಬ್ ಸಾಬ್ರ ಮುಂದೆ!”

“ನಾನೇನೂ ಕೇಳಿಸ್ಕೊಂಡಿಲ್ಲಕ್ಕ,” ಅಂತ ಆಫ್ತಾಬಣ್ಣ ಆಕಾಶ ನೋಡಿದರು.

“ನೀನೊಸಿ ಸುಮ್ಕಿರಮ್ಮಿ. ಹೇಳವ್ವಾ ಕುಸುಮಾ.”

ನಾನು ಯೋಚನೆ ಮಾಡಿದೆ. ಹಿಂದಿನ ರಾತ್ರಿ ಹೋಗಿದ್ದೇ ಕೊನೆ. ಬೆಳಿಗ್ಗೆಯಿಂದ ಎರಡು ಸಲ ಹೋಗಿ ಕೂತು, ಏನೂ ಆಗದೆ ಎದ್ದು ಬಂದಿದ್ದೆ. ಹೊಟ್ಟೆ ಬಿಗಿದಿತ್ತು, ಮಗು ಬೆಳೀತಿದೆ ಅಂದುಕೊಂಡಿದ್ದೆ.

“ಇಲ್ಲ ಮಾವ,” ಅಂದೆ. ಅವರಿಗೆ ನಾನು ಹೇಳಿದ ಮೊದಲನೇ ಮಾತು ಅದು.

ಮಾವನ ಮುಖ ಬಿಳಿಚಿಕೊಂಡಿತು. “ಹೋದ್ವರ್ಸ ಬಂಡೆ ಮೇಲಿಂದ ಬಿತ್ತಲ್ಲ ದೊಡ್ಡ ಟಗರು, ಅದ್ಕೂ ಹಿಂಗೇಯ. ಕಾಲು ಎಳೀತಿತ್ತು, ಬಾಲದ ಬುಡಕ್ಕೆ ಮುಳ್ಳು ಚುಚ್ಚಿದ್ರೂ ಗೊತ್ತಾಯ್ತಿರ್ಲಿಲ್ಲ, ಉಚ್ಚೆ ಕಟ್ಕಂಡಿತ್ತು. ಎಣ್ಣೆ ತಿಕ್ಕಂಡು ಮೂರು ದಿನ ಕಾದೆ. ಕಾಯಬಾರದಾಗಿತ್ತು.”

“ಟಗರೂ ಸೊಸೇನೂ ಒಂದಾ?” ಅತ್ತೆ ಕೂಗಿದರು.

“ಬೆನ್ಮೂಳೆ ಒಂದೇಯ.”

ಆಫ್ತಾಬಣ್ಣ ಆಗಲೇ ಟೆಂಪೊದ ಹಿಂಬಾಗಿಲು ತೆಗೆದಿದ್ದರು. “ಬೀರಣ್ಣ, ಆಂಬುಲೆನ್ಸು ಕನಕಪುರದಿಂದ ಬರ್ಬೇಕು, ನಾನು ಇಲ್ಲೇ ಇದ್ದೀನಿ. ಟಗರು ಇಳಿಸಿ!”

ಹತ್ತಿಸಿದ್ದ ಟಗರೆಲ್ಲ ಇಳಿದವು. ಹುಲ್ಲು ಹಾಸಿ, ಮೇಲೆ ಮಾವನ ಕಂಬಳಿ ನಾಲ್ಕು ಮಡಿಕೆ ಮಾಡಿ, ನನ್ನನ್ನು ಮಗ್ಗುಲಿಗೆ ಮಲಗಿಸಿದರು. ಅತ್ತೆ ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಒಂದು ಸಲ ಅಳೋರು, ಒಂದು ಸಲ ಮಾವನಿಗೆ ಬೈಯೋರು. ಮುಂದಿನಿಂದ ಆಫ್ತಾಬಣ್ಣ ಕೂಗಿದರು: “ಹೆದರ್ಬೇಡ ತಾಯಿ, ಮೊಟ್ಟೆ ಲೋಡು ಅಂದ್ಕೊಂಡು ಓಡಿಸ್ತೀನಿ!”

ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಖತೀಜಾ ಅನ್ನೋರು ಇದ್ದರು. ಕುರಿ ವಾಸನೆಗೆ ಮುಖ ಸಿಂಡರಿಸಲಿಲ್ಲ. ಕಾಲಿನ ಬೆರಳು ಮೇಲೆತ್ತಿ ಅಂದರು, ಎಡಗಾಲಿನದು ಏಳಲಿಲ್ಲ. ಮಗ್ಗುಲಿಗೆ ತಿರುಗಿಸಿ, “ಇಲ್ಲಿ ಪಿನ್ನು ಚುಚ್ತಿದ್ದೀನಿ, ಗೊತ್ತಾಗ್ತಿದ್ಯಾ?” ಅಂದರು.

“ಎಲ್ಲಿ ಮೇಡಂ?” ಅಂದೆ.

ಅವರು ಪಿನ್ನು ಕೆಳಗಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮೆಲ್ಲರಿಗೂ ಹೇಳಿದರು. “ಬಸುರಿಯರ ಸೊಂಟನೋವು ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. ಇದು ಆ ನೋವಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ, ಕೆಳಗಿಳಿಯೋ ನರಗಳ ಗೊಂಚಲನ್ನ ಅಮುಕ್ತಾ ಇರೋ ಹಾಗಿದೆ. ಬೆಳಿಗ್ಗೆ ನೋವು ಇಳಿದಿದ್ದು ವಾಸಿಯಾಗಿ ಅಲ್ಲ, ನರ ಮರಗಟ್ಟಿ. ಬೆಂಗಳೂರಲ್ಲಿ ಎಂಆರ್‌ಐ ಮಾಡ್ತಾರೆ, ಅದರಿಂದ ಮಗುಗೆ ತೊಂದರೆ ಇಲ್ಲ. ಅದೇ ಆಗಿದ್ರೆ ಇವತ್ತೇ ಆಪರೇಷನ್. ತಡ ಮಾಡಿದ್ರೆ ಕಾಲಿನ ಶಕ್ತಿ, ಮೂತ್ರದ ಹಿಡಿತ, ಎರಡೂ ಶಾಶ್ವತವಾಗಿ ಹೋಗಬಹುದು.”

“ಮಗು?” ಅತ್ತೆ ಕೇಳಿದರು.

“ಇಬ್ಬರೂ ಚೆನ್ನಾಗಿರಲಿ ಅಂತಲೇ ಕಳಿಸ್ತಿರೋದು. ಇದನ್ನ ಗಮನಿಸಿ ಕರ್ಕೊಂಡು ಬಂದಿದ್ದು ಯಾರು?”

ಅತ್ತೆ ಸೆರಗಲ್ಲಿ ಮೂಗು ಒರೆಸಿಕೊಂಡರು. “ನಮ್ಮೆಜಮಾನ್ರು. ಕುರಿ ಕಾಯ್ತರೆ.” ಅಷ್ಟು ಹೆಮ್ಮೆಯಿಂದ ಅವರು ಮಾವನ ಮಾತೆತ್ತಿದ್ದು ನಾನು ಕೇಳಿದ್ದೇ ಅವತ್ತು.

ಮೂತ್ರಕ್ಕೆ ಟ್ಯೂಬು ಹಾಕಿ ಆಂಬುಲೆನ್ಸಿನಲ್ಲಿ ಕಳಿಸಿದರು. ಎಂಆರ್‌ಐ ಖತೀಜಾ ಮೇಡಂ ಹೇಳಿದ್ದನ್ನೇ ಹೇಳಿತು. ಅವತ್ತು ಸಂಜೆಯೇ ಆಪರೇಷನ್ ಆಯಿತು. ಎಚ್ಚರವಾದಾಗ ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಇದ್ದ ಮುತ್ತುರಾಜು ನನ್ನ ಎಡಗಾಲಿನ ಹೆಬ್ಬೆರಳು ಚಿವುಟುತ್ತಿದ್ದ.

“ನೋಯ್ತದೆ, ಬುಡು!” ಅಂದೆ.

“ನೋಯ್ತದಂತೆ! ಡಾಕ್ಟ್ರೇ, ನೋಯ್ತದಂತೆ!” ಅಂತ ಓಡಿದ. ಹೊಟ್ಟೆಯೊಳಗಿನದೂ ಅದೇ ಹೊತ್ತಿಗೆ ಒಂದು ಒದೆ ಕೊಟ್ಟಿತು.

ಆದರೆ ಟ್ಯೂಬು ಇನ್ನೂ ಇತ್ತು. ಆರನೇ ದಿನ ಬೆಳಿಗ್ಗೆ ನರ್ಸ್ ಧನುಶ್ರೀ ಅದನ್ನು ತೆಗೆದು, “ಮಧ್ಯಾಹ್ನದೊಳಗೆ ತಾನಾಗಿ ಹೋಗ್ಬೇಕು ಅಕ್ಕ. ಇಲ್ಲಾಂದ್ರೆ ಮತ್ತೆ ಟ್ಯೂಬು. ಕೆಲವರು ಮನೆಗೂ ಅದನ್ನೇ ತಗೊಂಡು ಹೋಗ್ಬೇಕಾಗುತ್ತೆ,” ಅಂದಳು. ಆ ಕೊನೇ ಮಾತು ನನ್ನ ಎದೆ ಮೇಲೆ ಕೂತಿತು. ಮೂವತ್ತೂ ತುಂಬಿರಲಿಲ್ಲ ನನಗೆ.

ನೀರು ಕುಡಿದೆ. ಎಳನೀರು ಕುಡಿದೆ. ಹನ್ನೊಂದಾಯಿತು, ಹನ್ನೆರಡಾಯಿತು. ವಾರ್ಡಿನ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನನಗೇ ಕಾದರು. ಅತ್ತೆ ನನ್ನ ತೋಳು ಹಿಡಿದು ಬಾತ್‌ರೂಮಿಗೆ ಕರೆದೊಯ್ದು ಕೂರಿಸಿ ಬಾಗಿಲ ಹೊರಗೆ ನಿಂತರು. ಕಣ್ಣು ಮುಚ್ಚಿ ತಿಣುಕಿದೆ. ಏನೂ ಇಲ್ಲ. ಅಳು ಬಂತು.

ಆಗ ಗೋಡೆಯಾಚೆ ಕಾರಿಡಾರಿನಿಂದ ಒಂದು ದನಿ ಕೇಳಿಸಿತು.

“ನಲ್ಲಿ ಒಸಿ ತಿರುಗಿಸ್ಬುಟ್ರೆ, ನೀರಿನ ಸದ್ದಿಗೆ ಬಂದ್ರೂ ಬತ್ತದೆ. ಕುರಿಗೆ ಸಿಳ್ಳೆ ಹಾಕ್ತೀವಿ. ಇಲ್ಲಿ ಸಿಳ್ಳೆ ಹಾಕಿದ್ರೆ ಬೈತರೇನೋ.”

ಮಾವ! ಬೆಂಗಳೂರಿನ ಆಸ್ಪತ್ರೆಯಲ್ಲೂ ಒಂದು ಕಂಬ ಹುಡುಕಿಕೊಂಡಿದ್ದರು.

ನನಗೆ ನಗು ಉಕ್ಕಿತು. ನಗ್ತಾ ನಗ್ತಾನೇ ನಲ್ಲಿ ತಿರುಗಿಸಿದೆ. ಹೊಟ್ಟೆ ಅಲುಗಾಡೋ ಹಾಗೆ ನಗುತ್ತಿರುವಾಗ ಒಳಗೆಲ್ಲೋ ಬಿಗಿ ಸಡಿಲವಾಯಿತು. ಮೊದಲು ಹನಿ, ಆಮೇಲೆ ಧಾರೆ. ಬೆಚ್ಚಗಿರುವುದೂ ಗೊತ್ತಾಯಿತು!

“ಮಾವಾ!” ಅಂತ ಕೂತಲ್ಲಿಂದಲೇ ಕಿರುಚಿದೆ. “ಬಂತು ಮಾವಾ!”

ಗೋಡೆಯಾಚೆಯಿಂದ ಇಡೀ ಮಹಡಿಗೆ ಕೇಳೋ ಹಾಗೆ, ಬೆಟ್ಟದ ಈಚೆಯಿಂದ ಆಚೆಗೆ ಕೂಗೋ ಅದೇ ಗಂಟಲಲ್ಲಿ: “ಬಂತಂತೆ ಕಣಮ್ಮೀ! ನಮ್ ಕುಸುಮಂಗೆ ಬಂತಂತೆ!” ಜೊತೆಗೊಂದು ಸಿಳ್ಳೆ. ವಾರ್ಡಿನ ಹೆಂಗಸರು ಚಪ್ಪಾಳೆ ತಟ್ಟಿದರು. ಧನುಶ್ರೀ ಬೈಯೋಕೆ ಅಂತ ಓಡಿಬಂದವಳು ತಾನೂ ನಕ್ಕಳು.

ಎಡಪಾದ ಸರಿಯಾಗೋಕೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ತಿಂಗಳು ತುಂಬಿ ಸಿರಿ ಹುಟ್ಟಿದಳು, ಮೂರು ಕೆಜಿ ಚಿಲ್ರೆ. ಮಾವ ಈಗ ಬಾಯಿ ಮುಚ್ಚೋದೇ ಇಲ್ಲ. ಮಳೆ, ಮಂದೆ, ಮೊಮ್ಮಗಳ ಹಲ್ಲು, ಎಲ್ಲವೂ ನನ್ನ ಹತ್ತಿರವೇ. ಕಂಬಕ್ಕೆ ಈಗ ಸಿರಿಯ ಜೋಲಿ ಕಟ್ಟಿದ್ದೇವೆ.

ಮೊನ್ನೆ ಬೇಸಿಗೆಯ ಮಧ್ಯಾಹ್ನ, ಮಗು ಮಲಗಿದೆಯಲ್ಲ ಅಂತ ಸೊಪ್ಪಿನ ಮೊರ ಹಿಡಿದು ಹೊಂಗೆಮರದ ಕೆಳಗೆ ಹೋದೆ. ಮೈಮರೆತು ಅದೇ ಚಪ್ಪಡಿಯ ಮೇಲೆ ಕೂತೆ.

“ಅಯ್ಯಯ್ಯಪ್ಪಾ!” ಅಂತ ಎಗರಿ ನಿಂತೆ. ಮೊರ ಒಂದು ಕಡೆ, ಸೊಪ್ಪು ಒಂದು ಕಡೆ.

ಕುರಿ ರೊಪ್ಪದಿಂದ ಮಾವ ತಲೆ ಎತ್ತಿದರು. “ಏನವ್ವಾ ಕುಸುಮಾ, ಸುಡ್ತದಾ?”

“ಬೆಂಕಿ ಮಾವ, ಬೆಂಕಿ!”

ಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು, ಹಲ್ಲಿಲ್ಲದ ಬಾಯಿ ಅಗಲ ಮಾಡಿ ಮಂದೆಯ ಕಡೆ ತಿರುಗಿದರು. “ಕೇಳ್ಸ್ತೇನ್ರಲಾ? ಸುಡ್ತದಂತೆ!”