ಅಡುಗೆಮನೆಯ ಥರ್ಮಾಮೀಟರ್

ಮಾರ್ಚಿನ ಎರಡನೇ ವಾರಕ್ಕೆ ಬರುವಷ್ಟರಲ್ಲಿ ಪೆನ್ನಿನ ಶಾಯಿ ಮುಗಿಯಿತು. ಹೇಮಲತಾ ಶಾಯಿ ತುಂಬಿಸಿಕೊಂಡು ಮತ್ತೆ ಬರೆದಳು: ಕೋಣೆಯ ಉಷ್ಣತೆ ಇಪ್ಪತ್ತೆರಡು ಡಿಗ್ರಿ. ಯಂತ್ರದ ಶಕ್ತಿ ಹಿಂದಿನಷ್ಟೇ.

ಗಂಡ ಪಾಂಡುರಂಗ ಅಹಮದಾಬಾದಿನ ಒಂದು ಆಸ್ಪತ್ರೆಯಲ್ಲಿ ಭೌತವಿಜ್ಞಾನಿ. ಕ್ಯಾನ್ಸರಿಗೆ ಕಿರಣ ಕೊಡುವ ಕೋಬಾಲ್ಟ್ ಯಂತ್ರವನ್ನು ವಾರವಾರ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಅದನ್ನು ಮನುಷ್ಯರು ಓದುವಂತೆ ನಕಲು ಮಾಡುವುದು ಅವಳದು. ಮೈಸೂರಿನಲ್ಲಿ ಅವಳೂ ಫಿಸಿಕ್ಸ್ ಓದಿದ್ದಳು, ಅವನಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಆ ಪದವಿಯಿಂದ ಅಕ್ಷರವಾದರೂ ದುಂಡಾಯಿತಲ್ಲ ಎಂದು ಅತ್ತೆ ಮೆಚ್ಚುತ್ತಿದ್ದರು.

ನಾಳೆ ಬೊಂಬಾಯಿಯಿಂದ ತಪಾಸಣೆಯವರು ಬರುತ್ತಾರೆ. ಅಕ್ಟೋಬರಿನ ತನಕ ಬರೆದು ಮುಗಿಸಬೇಕು.

ಏಪ್ರಿಲ್, ಇಪ್ಪತ್ತೆರಡು. ಮೇ, ಇಪ್ಪತ್ತೆರಡು. ಅಹಮದಾಬಾದಿನ ಮೇ! ಯಂತ್ರದ ಕೋಣೆಯ ಏರ್ ಕಂಡಿಷನರ್ ಕೆಟ್ಟು ಎರಡು ತಿಂಗಳು ಬೆಂದುಹೋದೆನೆಂದು ಅವನು ದಿನಾ ಸಂಜೆ ಮಜ್ಜಿಗೆ ಕುಡಿಯುತ್ತ ಗೋಳಾಡಿದ್ದ.

ಅವಳು ತಲೆಯೆತ್ತಿದಳು. ಆಸ್ಪತ್ರೆಯ ಥರ್ಮಾಮೀಟರ್ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ತೂಗುತ್ತಿತ್ತು. ಹೋಳಿಯ ಮರುದಿನ ಅವನೇ ತಂದದ್ದು. ತಾನು ಎಂಥ ಸೆಖೆಯಲ್ಲಿ ದುಡಿಯುತ್ತಿದ್ದೇನೆಂದು ಅಣ್ಣಂದಿರಿಗೆ ಕಾಗದ ಬರೆಯುವಾಗ ಡಿಗ್ರಿ ಖಚಿತವಾಗಿರಬೇಕಲ್ಲ. ವಿಜ್ಞಾನಿ.

“ರೀ, ಥರ್ಮಾಮೀಟರ್ ಇಲ್ಲಿದೆ. ಅಲ್ಲಿ ಇಪ್ಪತ್ತೆರಡು ಅಂತ ಯಾರು ನೋಡಿದ್ರು?”

“ಅಂದಾಜಿಗೆ ಗೊತ್ತಾಗುತ್ತೆ ಕಣೇ,” ಪೇಪರಿನ ಹಿಂದಿನಿಂದ ಉತ್ತರ ಬಂತು.

“ಕೋಬಾಲ್ಟ್ ತಿಂಗಳಿಗೆ ನೂರಕ್ಕೊಂದು ಪಾಲು ಸವೆಯುತ್ತೆ. ಇಲ್ಲಿ ಹತ್ತು ತಿಂಗಳಿಂದ ಶಕ್ತಿ ಅಷ್ಟೇ ಇದೆಯಲ್ಲ?”

“ಫಾರಿನ್ ಮಿಷಿನ್ನು! ಕಾಪಿ ಮಾಡು ಅಂದ್ರೆ ಪೇಪರ್ ತಿದ್ದೋಕೆ ಕೂತಳು ಮೇಡಮ್ಮು. ಬೇಗ ಮುಗಿಸು, ಸೈನ್ ಹಾಕ್ತೀನಿ.”

ಅವನು ಓದದೆಯೇ ಸಹಿ ಹಾಕುತ್ತಿದ್ದ. ಹೆಂಡತಿಯ ಮೇಲೆ ಅಷ್ಟು ನಂಬಿಕೆ.

ಫಾರಿನ್ ಕೋಬಾಲ್ಟಿಗೆ ಮುಪ್ಪಿಲ್ಲವೆಂದು ಅವಳು ಎಲ್ಲೂ ಓದಿರಲಿಲ್ಲ. ಅದು ಸವೆದಷ್ಟೂ ರೋಗಿಯನ್ನು ಹೆಚ್ಚು ಹೊತ್ತು ಮಲಗಿಸಬೇಕು. ಇಲ್ಲದಿದ್ದರೆ ಹತ್ತರಲ್ಲಿ ಒಂದು ಪಾಲು ಕಿರಣ ಕಡಿಮೆ ಬೀಳುತ್ತದೆ. ಗಂಟು ಮತ್ತೆ ಬೆಳೆಯಲು ಅಷ್ಟು ರಿಯಾಯಿತಿ ಸಾಕು.

ಸ್ಟೇಷನ್ ಬಳಿಯ ಉಡುಪಿ ಹೋಟೆಲಿನ ಯಶೋದಕ್ಕ ಎದೆಯ ಗಂಟಿಗೆ ಕಿರಣ ಕೊಡಿಸಿಕೊಳ್ಳಲು ಅದೇ ಆಸ್ಪತ್ರೆಗೆ ಹೋಗುತ್ತಿದ್ದರು. ನಿನ್ನೆ ಬಂದು ನಕ್ಕಿದ್ದರು: “ನಿಮ್ಮ ಯಜಮಾನ್ರ ಮಿಷಿನು ಭಾರೀ ಒಳ್ಳೆದು ಮಾರಾಯ್ತಿ. ಮೂರೇ ನಿಮಿಷ! ನಮ್ಮ ಕಾವಲಿ ಕಾಯ್ಲಿಕ್ಕೆ ಸಹ ಅದಕ್ಕಿಂತ ಹೆಚ್ಚು ಹೊತ್ತು ಬೇಕು.” ಇನ್ನೂ ಹದಿನೈದು ಸಲ ಬಾಕಿ ಇದೆಯಂತೆ.

ಹದಿನೈದು.

ಅಕ್ಟೋಬರ್ ಮುಗಿಯಿತು. ಪುಟದ ಬಲಗಡೆ ಷರಾ ಬರೆಯುವ ಅಂಕಣ ವರ್ಷವಿಡೀ ಖಾಲಿ ಬಿದ್ದಿತ್ತು. ಅಲ್ಲಿ ಏನು ಬರೆಯಬೇಕೆಂದು ಅವಳು ನಿರ್ಧರಿಸಿದಳು: ಥರ್ಮಾಮೀಟರ್ ಮಾರ್ಚಿನಿಂದ ಭೌತವಿಜ್ಞಾನಿಯ ಅಡುಗೆಮನೆಯಲ್ಲಿದೆ, ದಯವಿಟ್ಟು ಯಂತ್ರವನ್ನು ನೀವೇ ಅಳೆಯಿರಿ. ದುಂಡಗಿನ ಅಕ್ಷರದಲ್ಲಿ. ಕೆಳಗೆ ಅವನ ಸಹಿ.

“ಮುಗೀತೇನೇ?”

“ಒಂದೇ ಸಾಲು ಇದೆ ರೀ,” ಎಂದಳು.