ಗ್ಯುರ್ಗಾ ಅಜ್ಜಿ ಕಟ್ಟಿದ ದಾರದ ಕೆಂಪು

ಇದನ್ನು ಹೇಳಲು ನನಗಿಂತ ತಿಳಿದವರು ನಮ್ಮ ಸ್ಟುಡಿಯೋದಲ್ಲೇ ಇದ್ದಾರೆ, ಕ್ಷಮಿಸಬೇಕು. ಬಣ್ಣದ ವಿಷಯದಲ್ಲಿ ನಾನು ಕಲಿತದ್ದೆಲ್ಲ ಬೇಕರಿ ಕೆಲಸ ಮುಗಿಸಿಕೊಂಡು ಓಡುತ್ತಿದ್ದ ಸಂಜೆ ತರಗತಿಯಲ್ಲಿ, ಉಗುರಿನ ಸಂದಿಯ ಹಿಟ್ಟು ಹೋಗುವ ಮೊದಲೇ. ಎಲ್ಲಾದರೂ ತಪ್ಪಿದ್ದರೆ ಲ್ಯುಬೆನಣ್ಣ ತಿದ್ದಲಿ. ತಿದ್ದದೆ ಬಿಡುವವನೂ ಅಲ್ಲ ಅವನು. ನಮ್ಮ ಕಷ್ಟ ಶುರುವಾದದ್ದೇ ಅದರಿಂದ.

ನಮ್ಮ ರಾಜಧಾನಿ ಸೋಫಿಯಾದಲ್ಲಿ ಟ್ರಾಮ್ ಬೀದಿಯ ಮೇಲಿರುವ ಎರಡು ಕೋಣೆಗಳೇ ನಮ್ಮ ಸ್ಟುಡಿಯೋ. ಒಂದರಲ್ಲಿ ಲ್ಯುಬೆನಣ್ಣ ದೃಶ್ಯಗಳನ್ನು ಕತ್ತರಿಸಿ ಜೋಡಿಸುತ್ತಾನೆ. ಇನ್ನೊಂದರಲ್ಲಿ ನಾನು, ದೃಶ್ಯದೊಳಗೆ ಇರಬಾರದ್ದನ್ನು ಅಳಿಸಿ ಇರಬೇಕಾದ್ದನ್ನು ಸೇರಿಸುತ್ತೇನೆ. ಅವನ ಸಾಫ್ಟ್‌ವೇರ್ ಬೇರೆ, ನನ್ನದು ಬೇರೆ. ಇಬ್ಬರ ಮೇಲೂ ರಾದೊಸ್ತಿನಾ. ನಿರ್ದೇಶಕಿಯೂ ಅವರೇ, ಒಡತಿಯೂ ಅವರೇ. ನಾನು ಆಗಿನ್ನೂ ಪರೀಕ್ಷೆಯ ಮೇಲಿದ್ದವಳು. ಬೇಕರಿ ಬಿಟ್ಟಾಗಿತ್ತು, ಇಲ್ಲಿ ಕೆಲಸ ಗಟ್ಟಿಯಾಗಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಒಂದೇ ದೃಶ್ಯ, ಅದೂ ಟಿವಿಗೆಂದು ಮಾಡುತ್ತಿದ್ದ ಸಾಕ್ಷ್ಯಚಿತ್ರದ ಕೊನೆಯದು. ಮಾರ್ಚ್ ಮೊದಲನೆಯ ದಿನ, ರೊದೊಪಿ ಬೆಟ್ಟದ ಒಂದು ಹಳ್ಳಿಯಲ್ಲಿ, ಗ್ಯುರ್ಗಾ ಎಂಬ ಅಜ್ಜಿ ತನ್ನ ಅಂಗಳದಲ್ಲಿ ನಿಂತು ರಾದೊಸ್ತಿನಾ ಅವರ ಕೈಗೆ ಮಾರ್ತೆನಿತ್ಸಾ ಕಟ್ಟುತ್ತಾಳೆ. ಕೆಂಪು ಬಿಳಿ ಉಣ್ಣೆಯ ದಾರ, ಅಜ್ಜಿಯೇ ಹೊಸೆದದ್ದು. ಆ ದಿನ ನಾವೆಲ್ಲರೂ ಅದನ್ನು ಕಟ್ಟಿಕೊಳ್ಳುತ್ತೇವೆ; ಮೊದಲ ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಾಣುವವರೆಗೆ ಬಿಚ್ಚುವುದಿಲ್ಲ, ಬಿಚ್ಚಿದ್ದನ್ನು ಮರಕ್ಕೆ ಕಟ್ಟುತ್ತೇವೆ. ಅಜ್ಜಿಯ ಹಿಂದಿನ ಗೋಡೆಯಲ್ಲಿ ಟಿವಿಯ ದೊಡ್ಡ ಡಿಶ್ ಒಂದಿತ್ತು. ಅದನ್ನು ಅಳಿಸುವುದಷ್ಟೇ ನನ್ನ ಕೆಲಸ.

ಅಳಿಸಿದೆ. ಸುಣ್ಣದ ಗೋಡೆ, ಬಿರುಕು, ನೆರಳು ಎಲ್ಲವೂ ಕೂತವು. ಲ್ಯುಬೆನಣ್ಣನಿಗೆ ಕಳಿಸಿ, ಕಾಫಿಗೆ ನೀರಿಟ್ಟೆ. ನೀರು ಕುದಿಯುವ ಮೊದಲೇ ಅವನ ಕೂಗು ಕೇಳಿಸಿತು.

"ದೆನಿತ್ಸಾ! ಬಾ ಇಲ್ಲಿ. ಅಜ್ಜಿ ಕೈಲಿ ಇದೇನಮ್ಮ, ಕಿತ್ತಳೆ ಸಿಪ್ಪೆನಾ?"

ನೋಡಿದೆ. ಹತ್ತಿರದಿಂದ ತೆಗೆದ ಕೈಗಳ ದೃಶ್ಯದಲ್ಲಿ ದಾರ ಕೆಂಪಾಗಿತ್ತು. ಅದರ ಬೆನ್ನಿಗೇ ಬರುವ ನನ್ನ ದೃಶ್ಯದಲ್ಲಿ ಅದೇ ದಾರ ಕಿತ್ತಳೆ. ಒಂದರ ಪಕ್ಕ ಒಂದು ಬಂದಾಗ ಕಣ್ಣಿಗೆ ಹೊಡೆಯುತ್ತಿತ್ತು.

"ನಾನು ದಾರ ಮುಟ್ಟೇ ಇಲ್ಲ ಅಣ್ಣ. ಡಿಶ್ ಮಾತ್ರ ಅಳಿಸಿದ್ದು."

"ನೀನೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಹಂಗಾದ್ರೆ ಅಜ್ಜೀನೇ ಬಂದು ಬದಲಾಯಿಸಿಕೊಂಡು ಹೋದ್ಲಾ?"

ನನ್ನ ಕೋಣೆಗೆ ಬಂದು, ಅವನು ಕಳಿಸಿದ್ದನ್ನೂ ನಾನು ವಾಪಸ್ ಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟೆ. ಡಿಶ್ ಇದ್ದ ಜಾಗ ಬಿಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ನಂಬಿಕೆ ಬರಲಿಲ್ಲ, ನನ್ನ ಮೇಲೇ. ಎರಡು ಸಾಫ್ಟ್‌ವೇರ್‌ಗಳು ಬೆಳಕನ್ನು ಎರಡು ಲೆಕ್ಕದಲ್ಲಿ ಓದುತ್ತವೆ ಎಂದು ಸಂಜೆ ತರಗತಿಯಲ್ಲಿ ಹೇಳಿದ್ದರು. ನಾನು ಆವತ್ತು ಸರಿಯಾಗಿ ಕೇಳಿಸಿಕೊಂಡಿರಲಿಲ್ಲವೇನೋ. ಒಂದೊಂದೇ ಆಯ್ಕೆ ಬದಲಾಯಿಸಿ ಕಳಿಸತೊಡಗಿದೆ. ಒಂದು ಸಲ ಗೋಡೆ ಹಾಲಿನ ಕೆನೆಯಂತಾಯಿತು. ಇನ್ನೊಂದು ಸಲ ಅಜ್ಜಿಯ ಕಪ್ಪು ತಲೆವಸ್ತ್ರದಲ್ಲಿ ಮಡಿಕೆಗಳೇ ಮುಳುಗಿಹೋದವು. ದಾರ ಮಾತ್ರ ಕಿತ್ತಳೆಯಾಗಿಯೇ ಉಳಿಯಿತು.

ರಾದೊಸ್ತಿನಾ ಆಗ ಪ್ಲೊವ್ದಿವ್‌ನಲ್ಲಿ ಇನ್ನೊಂದು ಚಿತ್ರೀಕರಣದಲ್ಲಿದ್ದರು. ಫೋನಿನಲ್ಲಿ ನಮ್ಮ ವರದಿ ಕೇಳಿ ಅವರ ತಾಳ್ಮೆ ತಪ್ಪಿತು.

"ಕೇಳಿ ಇಬ್ಬರೂ. ಅಜ್ಜಿ ಕಟ್ಟಿದ್ದು ನನ್ನ ಕೈಲೇ ಇದೆ. ಕೆಂಪು! ಇಡೀ ದೇಶ ಕೈಗೆ ಕಟ್ಟಿಕೊಂಡಿರೋ ಬಣ್ಣ ನಿಮಗೆ ಗೊತ್ತಿಲ್ವಾ? ಶುಕ್ರವಾರ ಬರ್ತೀನಿ. ಅಷ್ಟರಲ್ಲಿ ಹೊಂದದಿದ್ರೆ ಆ ದೃಶ್ಯನ ಕಿತ್ತು ಹಾಕ್ತೀನಿ. ಆಮೇಲೆ ದೆನಿತ್ಸಾ, ನಿನ್ನ ಇಟ್ಕೊಂಡು ನಾನೇನು ಮಾಡ್ಲಿ, ನೀನೇ ಹೇಳು."

ಫೋನಿಟ್ಟು ನನ್ನ ಕೋಣೆಗೆ ಹೋದೆ.

ಸೋತು, ಮಾಡಬಾರದ ಕೆಲಸ ಮಾಡಿದೆ. ಕಾರಣ ಸಿಗದಿದ್ದರೆ ಬೇಡ, ಕಣ್ಣಿಗೆ ಹೊಂದಿದರೆ ಸಾಕು ಎಂದುಕೊಂಡು, ನನ್ನ ಕೈಗೆ ಕಟ್ಟಿದ್ದ ಅಂಗಡಿಯ ಮಾರ್ತೆನಿತ್ಸಾವನ್ನು ಪರದೆಗೆ ಹಿಡಿದು ಇಡೀ ದೃಶ್ಯದ ಬಣ್ಣವನ್ನು ಕಿತ್ತಳೆಯ ಉಲ್ಟಾ ಕಡೆಗೆ ತಿರುಗಿಸಿದೆ. ಲ್ಯುಬೆನಣ್ಣನ ಪರದೆಯಲ್ಲಿ ದಾರ ಕೆಂಪಾಯಿತು. ಅಜ್ಜಿಯ ಮುಖ ಮಾತ್ರ ಬೂಷ್ಟು ಹಿಡಿದ ಚೀಸಿನ ಹಾಗೆ ಹಸಿರಿಗೆ ತಿರುಗಿತು. ಮುಖವನ್ನು ಬೇರೆ ಮಾಡಿ ಸರಿಪಡಿಸಿದೆ. ಸಂಜೆ ಇಬ್ಬರೂ ನೋಡಿದೆವು. ಹೊಂದಿತ್ತು. ಅವನು ನನ್ನ ಬೆನ್ನು ತಟ್ಟಿದ, ನಾನು ಟ್ರಾಮಿನಲ್ಲಿ ನಿದ್ದೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಹೊಂದುತ್ತಿಲ್ಲ. ನಾನು ಏನೂ ಕಳಿಸಿಲ್ಲ, ನೆನ್ನೆಯದೇ ದೃಶ್ಯ. ಆದರೂ ದಾರ ಮತ್ತೆ ಕಿತ್ತಳೆಯ ಕಡೆ ಜಾರಿತ್ತು. ಮತ್ತೆ ತಿರುಗಿಸಿದೆ, ಮತ್ತೆ ಹೊಂದಿಸಿದೆ. ಮರುದಿನ ಮತ್ತೆ ಅದೇ ಪಾಡು. ನನಗೆ ಕಣ್ಣಿನ ತೊಂದರೆ ಇದೆಯೇನೋ ಎಂದು ಹೆದರಿ, ಮಧ್ಯಾಹ್ನ ಕೆಳಗಿನ ಅಂಗಡಿಯಲ್ಲಿ ತಿನ್ನಲು ಬಿಸಿ ಚೀಸ್ ಬಾನಿತ್ಸಾ ಕೊಳ್ಳುವಾಗ ಅಂಗಡಿಯಾಕೆಯ ಕೈದಾರವನ್ನು ದಿಟ್ಟಿಸಿದೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

"ನಿನ್ನ ಸಾಫ್ಟ್‌ವೇರಿಗೆ ದೆವ್ವ ಹಿಡಿದಿದೆ ಕಣಮ್ಮ, ಪಾದ್ರಿನ ಕರೆಸು," ಎಂದ ಲ್ಯುಬೆನಣ್ಣ.

"ನನ್ನದರಲ್ಲಿ ನೆನ್ನೆ ಹೇಗಿತ್ತೋ ಹಾಗೇ ಇದೆ. ಬದಲಾಗ್ತಿರೋದು ನಿನ್ನ ಕೋಣೆಯಲ್ಲಿ."

"ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ. ನನ್ನ ಕೋಣೇಲಿ ಬದಲಾಗೋದು ನನ್ನ ಹೊಟ್ಟೆ ಒಂದೇ."

ಶುಕ್ರವಾರ ರಾದೊಸ್ತಿನಾ ಬಂದರು. ಕೋಟು ಬಿಚ್ಚುವ ಮೊದಲೇ ಪರದೆಯ ಮುಂದೆ ನಿಂತರು. ಕೈಗಳ ದೃಶ್ಯ, ಆಮೇಲೆ ನನ್ನದು. ಅವರ ಮುಖ ನೋಡಿಯೇ ನನಗೆ ಬೇಕರಿಯ ಒಲೆಯ ಶಾಖ ನೆನಪಾಯಿತು.

"ಮೇಡಂ," ಎಂದೆ, "ನಿಮ್ಮ ಕೈಲಿರೋದನ್ನ ಒಂದು ಸಲ ಪರದೆ ಹತ್ತಿರ ಹಿಡೀತೀರಾ? ಅದೇ ದಾರ ಅಲ್ವಾ ಇದು?"

ಅವರು ತೋಳು ಮೇಲೆತ್ತಿದರು. ಮಣಿಕಟ್ಟು ಬೋಳಾಗಿತ್ತು.

"ಬರ್ತಾ ಪಾಜಾರ್ಜಿಕ್ ಹತ್ರ ಕೊಕ್ಕರೆ ಕಾಣಿಸ್ತು. ಪೆಟ್ರೋಲ್ ಬಂಕ್ ಪಕ್ಕ ಒಂದು ಮರ ಇತ್ತು, ಬಿಚ್ಚಿ ಕಟ್ಟಿಬಿಟ್ಟೆ."

ಲ್ಯುಬೆನಣ್ಣ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಇದ್ದ ಒಂದೇ ಒಂದು ಸಾಕ್ಷೀನ ಹೋಗಿ ಮರಕ್ಕೆ ನೇತು ಹಾಕಿ ಬಂದಿದ್ದೀರಲ್ಲ ತಾಯಿ!"

"ಕೊಕ್ಕರೆ ಕಂಡ ಮೇಲೆ ಇಟ್ಕೊಂಡಿರಕ್ಕಾಗತ್ತೇನೋ? ನಿಮ್ಮ ಕೈಲಿಲ್ವಾ? ಹಿಡೀರಿ ಇಬ್ಬರೂ."

ಇಬ್ಬರೂ ಕೈ ಚಾಚಿದೆವು. ಆಗಲೇ ಕಂಡದ್ದು. ನನ್ನ ದಾರ ಗಾಢ ಕೆಂಪು. ಅವನದು ಬಣ್ಣ ಕಳೆದು ಹಳದಿಗೆ ತಿರುಗಿದ ಕೆಂಪು. ಅದರ ಬಿಳಿಯ ಎಳೆಯೂ ಬಿಳಿಯಾಗಿರಲಿಲ್ಲ.

"ಇದೇನು ಲ್ಯುಬೆನ್, ಬ್ಲೀಚಲ್ಲಿ ಅದ್ದಿದ್ದೀಯಾ?"

"ದಿನಾ ಬೆಳಿಗ್ಗೆ ಈಜಕ್ಕೆ ಹೋಗ್ತೀನಲ್ಲ. ಡಾಕ್ಟ್ರು ಹೇಳಿದಾರೆ, ಬೆನ್ನಿಗೆ ಒಳ್ಳೇದು ಅಂತ. ಕೊಳದ ನೀರಿಗೆ ಕ್ಲೋರಿನ್..." ಎಂದವನು ನಿಲ್ಲಿಸಿದ. ತನ್ನ ದಾರವನ್ನೊಮ್ಮೆ ಪರದೆಯನ್ನೊಮ್ಮೆ ನೋಡಿದ. "ಬಂದ ತಕ್ಷಣ ಅಜ್ಜಿ ದಾರಾನ ಇದಕ್ಕೆ ಹಿಡಿದು ಚೂರು ಚೂರು ಸರಿ ಮಾಡ್ತಿದ್ದೆ. ಚೂರೇ ಚೂರು."

"ಎಲ್ಲಿ ಮಾಡ್ತಿದ್ದೆ ಅಣ್ಣ?" ಎಂದು ಕೇಳಿದೆ. "ಆ ಕೈಗಳ ದೃಶ್ಯದ ಮೇಲಾ?"

"ಒಂದೊಂದರ ಮೇಲೂ ಯಾರು ಮಾಡ್ತಾರೆ? ಎಲ್ಲದರ ಮೇಲೆ ಒಂದು ಪದರ ಎಳೆದಿದ್ದೀನಿ, ಅದರಲ್ಲಿ."

ಆ ಪದರ ಬಣ್ಣದ ಗಾಜಿನ ಹಾಗೆ. ಕೆಳಗೆ ಏನನ್ನಿಟ್ಟರೂ ಅದರ ಬಣ್ಣ ತಾಗುತ್ತದೆ. ನನಗೆ ದೃಶ್ಯ ಕಳಿಸುವಾಗ ಅವನು ಅದನ್ನು ತೆಗೆದಿರಲಿಲ್ಲ. ನನಗೆ ಬಂದದ್ದು ಆಗಲೇ ಬಣ್ಣ ಹತ್ತಿದ ದೃಶ್ಯ. ನಾನು ಡಿಶ್ ಅಳಿಸಿ ಕೊಟ್ಟದ್ದನ್ನು ಮತ್ತೆ ಅದೇ ಗಾಜಿನ ಕೆಳಗೆ ಇಟ್ಟ. ಕೈಗಳ ದೃಶ್ಯಕ್ಕೆ ಒಂದು ಸಲ ಬಳಿದ ಬಣ್ಣ ನನ್ನದಕ್ಕೆ ಎರಡು ಸಲ. ಸಾಲದ್ದಕ್ಕೆ ಈಜುಕೊಳದಲ್ಲಿ ಅವನ ದಾರ ಮಾಸಿದ ಹಾಗೆಲ್ಲ ಗಾಜಿನ ಬಣ್ಣವೂ ದಿನದಿನ ಬದಲಾಗುತ್ತಿತ್ತು. ಇತ್ತ ನಾನು ನನ್ನ ಕೈದಾರ ನೋಡಿಕೊಂಡು ಅದರ ಉಲ್ಟಾ ಬಳಿಯುತ್ತಿದ್ದೆ.

"ಮುಟ್ಟಿಲ್ಲ ಅಂದ್ಯಲ್ಲ!" ಎಂದೆ. ದನಿ ಏರಿಸಿ ಅವನೊಡನೆ ಮಾತಾಡಿದ್ದು ಅದೇ ಮೊದಲು.

"ದೃಶ್ಯ ಮುಟ್ಟಿಲ್ಲ ಕಣಮ್ಮ, ಮೇಲಿಂದ..."

"ಮೇಲಿಂದ!" ರಾದೊಸ್ತಿನಾ ಕೋಟನ್ನು ಕುರ್ಚಿಗೆ ಎಸೆದರು. "ಒಬ್ಬ ಈಜುಕೊಳ, ಒಬ್ಬಳು ಅಂಗಡಿ ದಾರ. ನಡುವೆ ನನ್ನ ಅಜ್ಜಿ ಹಸಿರಾದ್ಲು. ತೆಗೀರಿ ಎಲ್ಲಾನೂ."

ಅವನು ಪದರ ತೆಗೆದ. ಕ್ಯಾಮೆರಾದಿಂದ ಬಂದದ್ದನ್ನು ಬಂದ ಹಾಗೇ ನನಗೆ ಕೊಟ್ಟ. ನಾನು ಅಳಿಸಿದ ಗೋಡೆಯನ್ನು ಅದರ ಮೇಲೆ ಕೂರಿಸಿ, ನನ್ನ ಉಲ್ಟಾ ಬಣ್ಣಗಳನ್ನೆಲ್ಲ ಕಿತ್ತು ವಾಪಸ್ ಕೊಟ್ಟೆ. ಎರಡು ದೃಶ್ಯ ಬೆನ್ನಿಗೆ ಬೆನ್ನು ಬಂದವು. ಹೊಂದಿದವು. ಎಲ್ಲಿ ಕತ್ತರಿಸಿದೆ ಎಂಬುದೇ ತಿಳಿಯಲಿಲ್ಲ.

ಆದರೆ ಮೂವರೂ ಪರದೆಯ ಹತ್ತಿರಕ್ಕೆ ಬಗ್ಗಿದೆವು. ಯಾರೂ ಮುಟ್ಟದ ಆ ದಾರ ಕೆಂಪಾಗಿರಲಿಲ್ಲ. ಹಳೆಯ ಇಟ್ಟಿಗೆಯ ಬಣ್ಣಕ್ಕಿತ್ತು.

"ನನ್ನ ಕೈಲಿದ್ದದ್ದು ಹೀಗಿರಲಿಲ್ಲ," ಎಂದರು ರಾದೊಸ್ತಿನಾ, ಅಷ್ಟು ಖಚಿತವಲ್ಲದ ದನಿಯಲ್ಲಿ. ಫೋನು ತೆಗೆದು ಹಳ್ಳಿಗೇ ಕರೆ ಮಾಡಿದರು, ನಮಗೂ ಕೇಳುವ ಹಾಗೆ.

"ಗ್ಯುರ್ಗಾ ಅಜ್ಜಿ, ನನಗೆ ಕಟ್ಟಿದ್ಯಲ್ಲ, ಆ ದಾರ ಯಾವ ಬಣ್ಣ?"

"ಯಾವ ಬಣ್ಣ ಅಂದ್ರೆ? ಕೆಂಪು. ಬೇರು ಕುದಿಸಿ ನಾನೇ ಬಣ್ಣ ಹಾಕಿದ್ದು. ಮಾರ್ತೆನಿತ್ಸಾ ಇನ್ಯಾವ ಬಣ್ಣ ಇರತ್ತೆ? ನೀನು ಕುಡಿದಿದ್ದೀಯೇನೇ?"

"ಇಟ್ಟಿಗೆ ಥರಾ ಕೆಂಪಾ, ರಕ್ತದ ಥರಾನಾ?"

"ಕೆಂಪಿನ ಥರಾ ಕೆಂಪು! ನನ್ನ ಕಣ್ಣಿಗೆ ಪೊರೆ ಬಂದಿದೆ, ನಿನ್ನ ಕಣ್ಣಿಗೇನಾಗಿದೆ? ಟಿವೀಲಿ ಯಾವತ್ತು ಬರ್ತೀನಿ ಅದನ್ನ ಹೇಳು. ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದೀನಿ."

ರಾದೊಸ್ತಿನಾ ದಿನ ಹೇಳಿ ಫೋನಿಟ್ಟರು. ಎರಡೂ ದೃಶ್ಯಗಳನ್ನು ಇನ್ನೊಂದು ಸಲ ಓಡಿಸಿ ನೋಡಿದರು. ಆಮೇಲೆ, "ಹೀಗೇ ಇರ್ಲಿ. ಇನ್ನು ಯಾರಾದ್ರೂ ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಎಂದರು. ಬಾಗಿಲಲ್ಲಿ ತಿರುಗಿ, "ಗೋಡೆ ಚೆನ್ನಾಗಿ ಬಂದಿದೆ ದೆನಿತ್ಸಾ. ಸೋಮವಾರ ಬೇಗ ಬಾ, ಹೊಸದು ಕೊಡ್ತೀನಿ," ಎಂದರು.

ಲ್ಯುಬೆನಣ್ಣ ತನ್ನ ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. "ಕೊಕ್ಕರೆ ಕಂಡ್ಯಾ?" ಎಂದೆ. "ನಿನ್ನ ಕಂಡೆನಲ್ಲ, ಸಾಕು," ಎಂದ.

ಚಿತ್ರ ಟಿವಿಯಲ್ಲಿ ಬಂತು. ದಾರದ ಬಣ್ಣದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಪ್ಲೊವ್ದಿವ್‌ಗೆ ಹೋಗುತ್ತಿದ್ದಾಗ ನಮ್ಮ ಬಸ್ಸು ಪಾಜಾರ್ಜಿಕ್ ಹತ್ತಿರದ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಪಕ್ಕದಲ್ಲೊಂದು ಚೆರ್ರಿ ಮರ. ಕೊಂಬೆಗಳ ತುಂಬ ಮಾರ್ತೆನಿತ್ಸಾಗಳು, ಮಳೆ ಬಿಸಿಲಿಗೆ ಎಲ್ಲವೂ ಒಂದೇ ಬೂದು ಗುಲಾಬಿಗೆ ತಿರುಗಿದ್ದವು. ಅಜ್ಜಿಯದು ಅದರಲ್ಲಿ ಯಾವುದು, ಆ ಮರವೇ ಹೌದೋ ಅಲ್ಲವೋ, ನನಗೆ ತಿಳಿಯಲಿಲ್ಲ. ಕ್ಯಾಮೆರಾ ಕಂಡದ್ದು ನಿಜವೋ, ರಾದೊಸ್ತಿನಾ ಕಂಡದ್ದು ನಿಜವೋ, ಅದೂ ಇವತ್ತಿಗೂ ಗೊತ್ತಿಲ್ಲ.