ಎರಡನೇ ಸೈಕಲ್

ತಂಗಿಯ ಮೇಲೆ ಅಕ್ಕನಿಗಿದ್ದ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ತಂಗಿ ಹುಟ್ಟಿದ ದಿನ ಅಮ್ಮನ ಮಗ್ಗುಲಿನ ಜಾಗ ಕೈತಪ್ಪಿತಲ್ಲ, ಅಲ್ಲಿಂದಲೇ ಶುರು. ಆಮೇಲೆ ಅಕ್ಕ ಹಾಡು ಕಲಿಯಲು ಹೋದಳು. ಒಬ್ಬಳೇ ಹೋಗುವುದು ಬೇಡವೆಂದು ತಂಗಿಯನ್ನೂ ಜೊತೆಗೆ ಕಳಿಸಿದರು. ವರ್ಷ ಕಳೆಯುವುದರೊಳಗೆ ಮೇಷ್ಟ್ರು ತಂಗಿಯನ್ನು ಮುಂದೆ ನಿಲ್ಲಿಸಿ, ಅಕ್ಕನನ್ನು ಹಿಂದಿನ ಸಾಲಿಗೆ ಕಳಿಸಿ, ಸ್ವಲ್ಪ ಮೆಲ್ಲಗೆ ಹಾಡಮ್ಮ ಎಂದರು. ಈಜಿನಲ್ಲೂ ಅದೇ ಕಥೆ, ಚಿತ್ರ ಬರೆಯುವುದರಲ್ಲೂ ಅದೇ. ತಂಗಿ ಇದನ್ನೆಲ್ಲ ಬೇಕೆಂದು ಮಾಡಿದವಳಲ್ಲ. ಸಂಕಟವೇ ಅದು. ಬೇಕೆಂದು ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ಅಕ್ಕನ ಕೆಲಸ ಕಟ್ಟುಹಲ್ಲುಗಳನ್ನು ತಯಾರಿಸುವುದು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚು ನೋಡಿಕೊಂಡು ಮೇಣದಲ್ಲಿ ಒಂದೊಂದೇ ಹಲ್ಲು ತಿದ್ದುವ ಕೆಲಸ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ತುಂಬ ಬಿಳಿ ಪುಡಿ, ಗೋಡೆಯ ಹಲಗೆಯ ಮೇಲೆ ಯಾರ್ಯಾರದೋ ದವಡೆಗಳು. ಇಡೀ ದಿನ ಅದನ್ನೇ ನೋಡಿ ನೋಡಿ, ಎದುರಿಗಿದ್ದವರು ನಕ್ಕರೆ ಅವಳಿಗೆ ನಗುವಿಗಿಂತ ಮೊದಲು ಹಲ್ಲು ಕಾಣುತ್ತಿತ್ತು. ತಂಗಿಯ ಹಲ್ಲುಗಳಲ್ಲಿ ಹೆಸರಿಡಲು ಏನೂ ಇರಲಿಲ್ಲ. ಅದೂ ಒಂದು ಉರಿ.

ಇಂಥವಳಿಗೆ ನಡುವಯಸ್ಸಿನಲ್ಲಿ ತನ್ನದೇ ಅನ್ನುವ ಒಂದು ಹುಚ್ಚು ಹತ್ತಿತು. ಅದರ ಹೆಸರು ಸೈಕ್ಲೋಕ್ರಾಸ್. ಚಳಿಗಾಲದ ಭಾನುವಾರಗಳಲ್ಲಿ, ಬುದ್ಧಿ ನೆಟ್ಟಗಿರುವ ಜನ ಹೊದ್ದು ಮಲಗಿರುವಾಗ, ಕೆಸರುಗದ್ದೆಯಂಥ ಬಯಲಿನಲ್ಲಿ ಸುತ್ತು ಹಾಕುವ ಸೈಕಲ್ ರೇಸು. ನಡುವೆ ಅಡ್ಡಹಲಗೆ ಇಟ್ಟಿರುತ್ತಾರೆ, ಕಡಿದಾದ ದಿಬ್ಬ ಬರುತ್ತದೆ; ಅಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಿ, ಮತ್ತೆ ಹಾರಿ ಕೂರಬೇಕು. ಸೈಕಲ್ಲಿನಿಂದ ಹೊರಿಸಿಕೊಂಡಷ್ಟೇ ಸೈಕಲ್ಲನ್ನು ಹೊರಬೇಕಾದ ಆಟ. ಅಕ್ಕನ ಗಂಡ ಒಂದು ಸಲ ನೋಡಲು ಬಂದು, ಕತ್ತೆ ಸಾಕಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು ಎಂದು ಹೇಳಿ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಕ್ಕ ಗೆಲ್ಲುವವಳೇನಲ್ಲ. ಮೂವತ್ತು ಮಂದಿ ಹೆಂಗಸರಲ್ಲಿ ಹದಿನೈದು, ಹದಿನಾರು, ಒಳ್ಳೆಯ ದಿನ ಹದಿಮೂರು. ಬಿದ್ದ ದಿನ ಕೇಳುವುದೇ ಬೇಡ. ಅವಳ ಆಸೆ ಒಂದೇ ಆಗಿತ್ತು. ಇಡೀ ಚಳಿಗಾಲದಲ್ಲಿ ಒಂದೇ ಒಂದು ರೇಸಿನಲ್ಲಾದರೂ ಮೊದಲ ಹತ್ತರೊಳಗೆ ಬಂದವರನ್ನು ಮುಂದಿನ ವರ್ಷ ಮೈಕಿನಲ್ಲಿ ಹೆಸರು ಹಿಡಿದು ಕರೆದು ಮೊದಲ ಸಾಲಿನಲ್ಲಿ ನಿಲ್ಲಿಸುತ್ತಾರೆ. ಹಿಂದೆ ನಿಂತವರು ಮುಂದಿನವರ ಚಕ್ರ ಎರಚಿದ ಕೆಸರನ್ನು ತಿಂದುಕೊಂಡು ಹೊರಡಬೇಕು. ಹುಟ್ಟಿದಾಗಿನಿಂದ ಹಿಂದಿನ ಸಾಲು ಸಾಕಾಗಿಹೋಗಿತ್ತು ಅವಳಿಗೆ. ಒಂದು ಸಲ ಮುಂದೆ ನಿಲ್ಲಬೇಕು, ಅಷ್ಟೇ.

ಕೆಸರಿನಲ್ಲಿ ಒಂದೇ ಸೈಕಲ್ ಇಟ್ಟುಕೊಂಡವರ ಪಾಡು ನಾಯಿಪಾಡು. ಒಂದು ಸುತ್ತು ಮುಗಿಯುವುದರೊಳಗೆ ಗೇರಿಗೆ ಮಣ್ಣು, ಹುಲ್ಲು ಮೆತ್ತಿಕೊಂಡು ಚಕ್ರ ತಿರುಗುವುದಿಲ್ಲ. ಅದಕ್ಕೇ ತಿಳಿದವರು ಎರಡು ಸೈಕಲ್ ಇಟ್ಟುಕೊಳ್ಳುತ್ತಾರೆ. ದಾರಿಯ ಪಕ್ಕದಲ್ಲಿ ಪಿಟ್ ಎಂಬ ಜಾಗವಿರುತ್ತದೆ. ಅಲ್ಲಿ ಕೊಳಕಾದದ್ದನ್ನು ಎಸೆದು, ತಮ್ಮವರು ತೊಳೆದು ಹಿಡಿದಿರುವ ಇನ್ನೊಂದನ್ನು ಹತ್ತಿ ಹೋಗಬೇಕು. ಅಕ್ಕ ಹೊಟ್ಟೆ ಬಟ್ಟೆ ಕಟ್ಟಿ ಎರಡನೇ ಸೈಕಲ್ ಕೊಂಡಳು. ತೊಳೆಯಲು ಯಾರು? ಶಾಲೆಯ ಬಸ್ಸು ಓಡಿಸುವ ತಂಗಿ, ಭಾನುವಾರ ನನಗೇನು ಕೆಲಸ, ನಾನು ಬರುತ್ತೇನೆ ಎಂದಳು. ಅಕ್ಕ ಆಗಲೇ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಸರಿ ಬಾ ಎಂದುಬಿಟ್ಟಳು.

ಎರಡು ವಾರ ತಂಗಿ ಬಕೆಟ್ಟು ಬ್ರಷ್ಷು ಹಿಡಿದು ನಿಂತಳು. ಮೂರನೇ ವಾರ ನೆಲ ಒಣಗಿತ್ತು, ಎರಡನೇ ಸೈಕಲ್ ಸುಮ್ಮನೆ ನಿಂತಿತ್ತು. ತಮಾಷೆಗೆ ನಾನೂ ಒಂದು ಕೈ ನೋಡಲಾ ಎಂದು ತಂಗಿ ಕೇಳಿದಳು. ಸುತ್ತ ನಿಂತವರೆಲ್ಲ ಬಾ ಬಾ ಎಂದರು. ಅಕ್ಕ ಏನು ಹೇಳಬೇಕು? ತಂಗಿ ಏಳನೆಯವಳಾಗಿ ಬಂದಳು, ಅದೂ ಬಸ್ಸು ಓಡಿಸುವ ಬೂಟಿನಲ್ಲಿ. ಅಕ್ಕ ಹದಿನಾಲ್ಕು. ರೇಸು ನಡೆಸುವ ಬೇಕರಿಯವನು, ಬಾಯಿಗೆ ಮೈಕು ಹಿಡಿದರೆ ಬಿಡದ ಮನುಷ್ಯ, ಇಷ್ಟು ದಿನ ಈ ರತ್ನವನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಊರಿಗೆಲ್ಲ ಕೇಳುವಂತೆ ಅಕ್ಕನನ್ನೇ ಕೇಳಿದ. ಅಕ್ಕ ಹಲ್ಲು ಕಿರಿದಳು. ಒಳಗೊಳಗೆ ಅದೇ ಹಲ್ಲು ಕಡಿದಳು.

ಅಲ್ಲಿಗೆ ಎರಡನೇ ಸೈಕಲ್ಲೂ ಹೋಯಿತು, ತೊಳೆಯುವ ಕೈಯೂ ಹೋಯಿತು. ವಾರ ವಾರ ತಂಗಿ ಐದು, ಆರು, ಒಮ್ಮೆ ಮೂರು. ಅಕ್ಕ ಒಂದೇ ಸೈಕಲ್ಲಿನಲ್ಲಿ ಮಣ್ಣು ಕೆರೆಯುತ್ತ ಹದಿನೆಂಟು, ಇಪ್ಪತ್ತು. ಮನೆಗೆ ಬಂದರೆ ಅಮ್ಮನ ಫೋನು. ನಿನ್ನ ತಂಗಿ ಮೂರನೆಯವಳಂತೆ, ನೀನು ಹೇಳಲೇ ಇಲ್ಲವಲ್ಲೇ ಎಂದು ಆಕ್ಷೇಪಣೆ. ಅಕ್ಕನ ಕೈಯಲ್ಲಿ ಆ ವಾರ ಮೇಣದ ಹಲ್ಲುಗಳು ಯಾಕೋ ಚೂಪಾಗುತ್ತಿದ್ದವು; ಒಬ್ಬರು ಮುದುಕರ ಇಡೀ ಸೆಟ್ಟನ್ನು ದಂತವೈದ್ಯರು ವಾಪಸು ಕಳಿಸಿದರು. ರಾತ್ರಿ ಮಲಗಿದರೂ ಅವಳಿಗೆ ಕಾಣುತ್ತಿದ್ದದ್ದು ತಂಗಿಯ ಬೆನ್ನು. ತಂಗಿಗೆ ಜ್ವರ ಬರಲಿ ಎಂದು ಅವಳು ಎಂದೂ ಬಯಸಲಿಲ್ಲ. ಸಣ್ಣ ನೆಗಡಿಯಾದರೆ ಸಾಕು ಎಂದುಕೊಂಡಳು, ಅಷ್ಟೇ.

ಕೊನೆಯ ರೇಸಿನ ಹಿಂದಿನ ದಿನವೆಲ್ಲ ಮಳೆ ಸುರಿದು ಬಯಲು ಹಿಟ್ಟು ಕಲಸಿಟ್ಟಂತಾಗಿತ್ತು. ಅಕ್ಕ ಬಂದು ನೋಡುತ್ತಾಳೆ, ತಂಗಿ ಮಳೆಬೂಟು ಹಾಕಿಕೊಂಡು, ಬಕೆಟ್ಟು ತುಂಬಿಸಿಕೊಂಡು ಪಿಟ್ಟಿನಲ್ಲಿ ನಿಂತಿದ್ದಾಳೆ.

"ಇವತ್ತು ನಾನು ಓಡಿಸಲ್ಲ. ಎರಡೂ ಸೈಕಲ್ ನೀನೇ ಇಟ್ಕೋ. ನಂದು ಹೇಗೂ ಮೊದಲ ಸಾಲು ಗಟ್ಟಿ ಆಗಿದೆಯಲ್ಲ," ಎಂದಳು.

"ಅಮ್ಮ ಹೇಳಿದ್ಲಾ?"

"ಅಮ್ಮನೂ ಹೇಳಿದ್ಲು."

ಆ 'ನೂ' ಅಕ್ಕನಿಗೆ ಮುಳ್ಳಿನಂತೆ ಚುಚ್ಚಿತು. ಬೇಡ ಎನ್ನಬೇಕೆಂದು ಬಾಯಿ ತೆರೆದಳು. ಆದರೆ ಮೊದಲ ಸಾಲು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಳು.

ಆ ದಿನ ಅಕ್ಕ ಓಡಿಸಿದ ಹಾಗೆ ಎಂದೂ ಓಡಿಸಿರಲಿಲ್ಲ. ಉಳಿದವರ ಸೈಕಲ್ಲುಗಳು ಮಣ್ಣು ಕಚ್ಚಿಕೊಂಡು ನರಳುತ್ತಿದ್ದರೆ, ಅವಳಿಗೆ ಪ್ರತಿ ಸುತ್ತಿಗೂ ಮಿಂದು ಬಂದ ಸೈಕಲ್. ದಿಬ್ಬದಲ್ಲಿ ಹೆಗಲಿಗೇರಿಸಿಕೊಂಡು ಓಡುವಾಗ ಉಸಿರು ಕಿತ್ತುಬಂದರೂ ಕಾಲು ಮಾತು ಕೇಳಿತು. ಹದಿಮೂರಾದಳು, ಹನ್ನೊಂದಾದಳು, ಹತ್ತಾದಳು. ಕೊನೆಗೆ ಒಂದು ಸುತ್ತು ಬಾಕಿ ಇರುವಾಗ ಬೇಕರಿಯವನು ಒಂಬತ್ತನೆಯವಳು ಎಂದು ಕೂಗಿದ.

ಆದರೆ ಆ ಪುಣ್ಯಾತ್ಮ ಅಷ್ಟಕ್ಕೆ ಸುಮ್ಮನಾಗಬೇಕಲ್ಲ. ಅಕ್ಕನಿಗಾಗಿ ತನ್ನ ರೇಸನ್ನೇ ಬಿಟ್ಟು ಕೆಸರಿನಲ್ಲಿ ನಿಂತ ಈ ತಂಗಿಗೆ ಎಲ್ಲರೂ ಒಂದು ಚಪ್ಪಾಳೆ ಹೊಡೆಯಿರಿ ಎಂದ. ಜನ ಹೊಡೆದರು. ಅಕ್ಕ ಪಿಟ್ಟಿನ ಹತ್ತಿರ ಬರುವ ಹೊತ್ತಿಗೆ ಇಡೀ ಬಯಲು ತಂಗಿಯ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿತ್ತು. ಒಂಬತ್ತನೆಯವಳು ಇವಳು, ಚಪ್ಪಾಳೆ ಅವಳಿಗೆ.

ತಂಗಿ ತೊಳೆದ ಸೈಕಲ್ ಹಿಡಿದು ಕೈ ಚಾಚಿದಳು. ಕೆಳಗಿದ್ದ ಸೈಕಲ್ಲು ಆಗಲೇ ಗರಗರ ಅನ್ನುತ್ತಿತ್ತು, ಬದಲಾಯಿಸಲೇಬೇಕಿತ್ತು. ಅಕ್ಕ ತಂಗಿಯ ಮುಖವನ್ನು ನೋಡಿದಳು, ನೋಡಿಯೂ ನೇರ ಮುಂದೆ ಹೋದಳು. ಇದೊಂದು ಸುತ್ತಾದರೂ ನನ್ನದೇ ಆಗಿರಲಿ, ಯಾರ ಋಣವೂ ಬೇಡ ಎಂದುಕೊಂಡಳು.

ದಿಬ್ಬದ ಬುಡದಲ್ಲಿ ಹಿಂಗಾಲಿಯ ಬಳಿ ಟಕ್ ಎಂದಿತು. ಗೇರು ಮುರಿದು ಸರಪಳಿಯ ಸಮೇತ ನೇತಾಡಿತು. ಪಿಟ್ಟಿಗೆ ಹಿಂದಕ್ಕೆ ಹೋಗುವ ಹಾಗಿಲ್ಲ, ಅದು ನಿಯಮ. ಅಕ್ಕ ಸೈಕಲ್ಲನ್ನು ಹೊತ್ತು ಓಡಿದಳು. ಒಬ್ಬಳು ದಾಟಿ ಹೋದಳು, ಇನ್ನೊಬ್ಬಳು, ಆಮೇಲೆ ಎಣಿಸುವುದನ್ನು ಬಿಟ್ಟಳು. ಗೆರೆ ದಾಟುವಾಗ ಮೈಕು ಕೂಡ ಅವಳನ್ನು ಗಮನಿಸಲಿಲ್ಲ.

ಸೈಕಲ್ ಹೇರಿಕೊಂಡು ಬಂದಿದ್ದ ವ್ಯಾನಿನ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅಕ್ಕ ಬೂಟು ಬಿಚ್ಚಲೂ ಆಗದೆ ಕಾಲು ಚಾಚಿದ್ದಳು. ಇನ್ನೊಂದು ವರ್ಷ ಹಿಂದಿನ ಸಾಲು. ಮುಂದಿನ ಸಾಲಿನಲ್ಲಿ ತಂಗಿ. ತಂಗಿ ಬಂದು ಪಕ್ಕದಲ್ಲಿ ಕೂತಳು. ಸಮಾಧಾನದ ಮಾತೊಂದು ಬಂದರೆ ಇವಳಿಗೆ ಹೊಡೆದೇಬಿಡುತ್ತೇನೆ ಎಂದು ಅಕ್ಕ ಕಾದಳು. ತಂಗಿ ಉಗುರಿನ ಸಂದಿಯ ಮಣ್ಣು ತೆಗೆಯುತ್ತ ಕೂತಳು.

"ಅಕ್ಕ, ನೀನು ಕೊನೇ ಸಲ ತಗೊಂಡೆಯಲ್ಲ ಆ ಸೈಕಲ್, ಅದನ್ನ ನಾನು ಸರಿಯಾಗಿ ತೊಳೀಲಿಲ್ಲ," ಎಂದಳು. "ಗೇರಲ್ಲಿ ಹುಲ್ಲು ಸುತ್ತಿಕೊಂಡಿತ್ತು. ಕಾಣಿಸ್ತು. ಕೈ ಹಾಕಿದ್ರೆ ಬಂದ್ಬಿಡ್ತಿತ್ತು. ಹಾಕ್ಲಿಲ್ಲ."

"ಯಾಕೆ?"

"ಮೈಕಲ್ಲಿ ನಿನ್ನನ್ನ ಹತ್ತನೆಯವಳು ಅಂದ್ರು. ಆಮೇಲೆ ಒಂಬತ್ತಕ್ಕೆ ಬರ್ತಾಳೆ ನೋಡ್ತಾ ಇರಿ ಅಂದ್ರು. ನಂಗೆ ಹೊಟ್ಟೆ ಉರ್ದುಹೋಯ್ತು." ತಂಗಿ ತೋಳಿನಿಂದ ಕಣ್ಣೊರೆಸಿಕೊಂಡಳು. "ಮುರಿಯುತ್ತೆ ಅಂತ ಅನ್ಕೊಳ್ಳಲಿಲ್ಲ. ಸ್ವಲ್ಪ ನಿಧಾನ ಆಗ್ಲಿ ಅಂತ. ಆಮೇಲೆ ನಾಚಿಕೆಯಾಗಿ, ಮುಂದಿನ ಸುತ್ತಿಗೆ ಅಂತ ಇನ್ನೊಂದನ್ನ ಉಗುರಲ್ಲಿ ಕೆರೆದು ಕೆರೆದು ತೊಳೆದಿಟ್ಟೆ. ನೀನು ಬರಲೇ ಇಲ್ಲ."

ಅಕ್ಕನಿಗೆ ಕೋಪ ಬರಬೇಕಿತ್ತು. ಬರಲಿ ಎಂದು ಅವಳೂ ಕಾದಳು. ಚಳಿಗಾಲವಿಡೀ ಪಟ್ಟ ಪಾಡು, ಕೈಗೆ ಬಂದ ಮೊದಲ ಸಾಲು, ಎಲ್ಲವನ್ನೂ ನೆನಪು ಮಾಡಿಕೊಂಡಳು. ಕೋಪ ಬರಲಿಲ್ಲ. ತಂಗಿಗೆ ಹೊಟ್ಟೆ ಉರಿದಿತ್ತು. ಅದೂ ಇವಳ ಮೇಲೆ. ಹುಟ್ಟಿ ಇಷ್ಟು ವರ್ಷವಾದರೂ ಇವಳನ್ನು ಕಂಡು ಯಾರ ಹೊಟ್ಟೆಯೂ ಉರಿದಿರಲಿಲ್ಲ.

ಪಿಟ್ಟಿನ ಮುಂದೆ ತಾನು ಬೇಕೆಂದೇ ನಿಲ್ಲಲಿಲ್ಲ ಎಂದು ಹೇಳಬೇಕೆನಿಸಿತು. ಅದನ್ನು ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಳು. ತಂಗಿ ಇನ್ನಷ್ಟು ಆರಾಮಾಗಿ ಕೂರಲೆಂದು ಸ್ವಲ್ಪ ಸರಿದಳು.

"ಅಳಬೇಡ," ಎಂದಳು. "ಹತ್ತನೆಯವಳು ಅಂದಾಗಲೇ ಉರೀತಾ, ಇಲ್ಲಾ ಅದಕ್ಕೂ ಮುಂಚೆನಾ? ಮೊದಲಿಂದ ಹೇಳು. ನಿಧಾನವಾಗಿ ಹೇಳು."